ಐದು ಮೀನಿನ ಆಟ: ಬಾಸ್ ಗಾಳದ ರಸಿಕರಿಗೊಂದು ಕೈಪಿಡಿ

2023ರ ಮಾರ್ಚ್‌ನಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಬಾಸ್‌ಮಾಸ್ಟರ್ ಕ್ಲಾಸಿಕ್ ನಡೆಯಿತು. ಬಾಸ್ ಎಂಬ ಮೀನು ಹಿಡಿಯುವ ಮೂರು ದಿನದ ಪಂದ್ಯ. ಕೊನೆಯ ದಿನ ಕೆನಡಾದ ಜೆಫ್ ಗಸ್ಟಾಫ್ಸನ್ ಅವರ ಗಾಳಕ್ಕೆ ಬಿದ್ದದ್ದು ಲೆಕ್ಕಕ್ಕೆ ಸಲ್ಲುವ ಎರಡೇ ಎರಡು ಮೀನು. ಐದು ತರಬಹುದಿತ್ತು. ಮೊದಲೆರಡು ದಿನ ಗಳಿಸಿದ್ದ ಮುನ್ನಡೆ ಕೈಬಿಡಲಿಲ್ಲ. ಮೂರು ಲಕ್ಷ ಡಾಲರ್ ಬಹುಮಾನ ಅವರದಾಯಿತು. ಒಳಾಂಗಣ ಕ್ರೀಡಾಂಗಣದಲ್ಲಿ ತಕ್ಕಡಿಯ ಎದುರು ಕೂತ ಸಾವಿರಾರು ಜನ ಆ ಎರಡು ಮೀನಿಗೆ ಎದ್ದು ನಿಂತು ಕೂಗಿದರು. ಗಾಳ ಅಂದರೆ ಕೆರೆ ಏರಿಯ ಮೇಲೆ ಕೂತು ಬೆಂಡು ಮುಳುಗುವುದನ್ನೇ ಕಾಯುವುದು ಅಂತ ತಿಳಿದವರಿಗೆ ಈ ಗಲಾಟೆ ಒಗಟಿನಂತೆ ಕಾಣುವುದು ಸಹಜ.

ಡಲ್ಲಾಸ್, ಅಟ್ಲಾಂಟಾ, ಷಾರ್ಲೆಟ್ ಕಡೆ ನೆಲೆಸಿದ ಕನ್ನಡಿಗರಿಗಂತೂ ಈ ಒಗಟು ಪಕ್ಕದ ಮನೆಯ ಗ್ಯಾರೇಜಿನಲ್ಲೇ ಇರುತ್ತದೆ. ಮಿನುಗುವ ಬಣ್ಣದ ಉದ್ದನೆಯ ದೋಣಿ, ಗೋಡೆಗೆ ಸಾಲಾಗಿ ಒರಗಿಸಿದ ಹತ್ತಾರು ಕೋಲು, ಡಬ್ಬಿಗಳ ತುಂಬ ರಬ್ಬರ್ ಹುಳು. ಶನಿವಾರ ನಸುಕಿನಲ್ಲಿ ಹೊರಟ ಯಜಮಾನ ಸಂಜೆ ಬರಿಗೈಯಲ್ಲಿ ಬರುತ್ತಾನೆ, ಮುಖದಲ್ಲಿ ಮಾತ್ರ ಸಂತೋಷ. ಹಿಡಿದದ್ದನ್ನೆಲ್ಲ ನೀರಿಗೇ ಬಿಟ್ಟು ಬಂದಿರುತ್ತಾನೆ. ಇದರ ರುಚಿ ಹತ್ತಬೇಕಾದರೆ ಮೀನು ಬೀಳುವ ಗಳಿಗೆಗಾಗಿ ಕಾಯುವುದನ್ನು ಮೊದಲು ಬಿಡಬೇಕು. ನೋಡಬೇಕಾದ್ದು ಅದಕ್ಕಿಂತ ಮುಂಚಿನ ಅರ್ಧ ಗಂಟೆ: ಅವನು ಆ ಜಾಗವನ್ನೇ ಏಕೆ ಆರಿಸಿದ, ಆ ಎರೆಯನ್ನೇ ಏಕೆ ಕಟ್ಟಿದ, ಎಷ್ಟು ಹೊತ್ತಿಗೆ ಬೇಸತ್ತು ಅಲ್ಲಿಂದ ಎದ್ದ.

ಮೀನಿನ ಸ್ವಭಾವ ಗೊತ್ತಿಲ್ಲದೆ ಇದ್ಯಾವುದೂ ತಿಳಿಯದು. ಆಟದ ನಾಯಕ ಲಾರ್ಜ್‌ಮೌತ್ ಬಾಸ್, ಹೆಸರಿಗೆ ತಕ್ಕ ದೊಡ್ಡಬಾಯಿ. ಬಾಯಿ ಮುಚ್ಚಿದಾಗಲೂ ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ. ಅದರ ಸೋದರ ಸ್ಮಾಲ್‌ಮೌತ್‌ನ ದವಡೆ ಕಣ್ಣಿನ ಕೆಳಗೇ ಮುಗಿಯುತ್ತದೆ. ಅದಕ್ಕೆ ತಣ್ಣನೆಯ ನೀರು, ಕಲ್ಲಿನ ತಳ ಇಷ್ಟ. ದೊಡ್ಡಬಾಯಿ ಅಟ್ಟಿಸಿಕೊಂಡು ಹೋಗಿ ದಣಿಯುವ ಜಾತಿಯಲ್ಲ. ಮುಳುಗಿದ ಮರದ ಬೊಡ್ಡೆ, ಜೊಂಡಿನ ಅಂಚು, ದೋಣಿಕಟ್ಟೆಯ ನೆರಳು, ಇಂಥ ಕಡೆ ಹೊಂಚು ಹಾಕಿ ನಿಂತು, ಹತ್ತಿರ ಸುಳಿದದ್ದನ್ನು ಫಕ್ಕನೆ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಇಷ್ಟವಾಗದಿದ್ದರೆ ಅಷ್ಟೇ ಬೇಗ ಉಗುಳಿಬಿಡುತ್ತದೆ. ಎಳೆದುಕೊಳ್ಳುವುದಕ್ಕೂ ಉಗುಳುವುದಕ್ಕೂ ನಡುವಿನ ಆ ಚೂರು ಹೊತ್ತಿನಲ್ಲೇ ಗಾಳ ಕಚ್ಚಿಸಬೇಕು.

ಇನ್ನು ಸಲಕರಣೆ. ಅಂಗಡಿಗೆ ಹೋದರೆ ತಲೆ ಕೆಡುತ್ತದೆ. ಹೊಸಬರು ಎರಡು ಬಗೆಯ ರೀಲ್ ಗುರುತಿಸಿದರೆ ಸದ್ಯಕ್ಕೆ ಸಾಕು. ಸ್ಪಿನ್ನಿಂಗ್ ರೀಲ್ ಕೋಲಿನ ಕೆಳಗೆ ತೂಗುತ್ತದೆ, ಅದರ ನೂಲಿನ ಉರುಳೆ ಎಸೆಯುವಾಗ ತಿರುಗುವುದಿಲ್ಲ, ನೂಲು ಸುರುಳಿಯಾಗಿ ಕಳಚಿಕೊಳ್ಳುತ್ತದೆ. ಹಗುರ ಎರೆಗೂ ಕಲಿಯುವವರಿಗೂ ಅದೇ ಸರಿ. ಬೇಟ್‌ಕ್ಯಾಸ್ಟರ್ ಕೋಲಿನ ಮೇಲೆ ಕೂರುತ್ತದೆ, ಉರುಳೆಯೇ ಗಿರ್ರನೆ ಸುತ್ತುತ್ತದೆ. ಎರೆ ಗಾಳಿಯಲ್ಲಿ ನಿಧಾನವಾಗುತ್ತಿದ್ದಂತೆ ಉರುಳೆಯನ್ನೂ ಹೆಬ್ಬೆರಳಿನಿಂದ ನಯವಾಗಿ ತಡೆಯಬೇಕು. ತಡೆಯುವುದು ಒಂದಿಷ್ಟು ತಡವಾದರೂ ಉರುಳೆ ಎರೆಗಿಂತ ಮುಂದೋಡಿ, ನೂಲೆಲ್ಲ ಉಬ್ಬಿ ಬಿಡಿಸಲಾಗದ ಸಿಕ್ಕಾಗುತ್ತದೆ. ಹೆಸರಾಂತ ಆಟಗಾರರೂ ಎದುರುಗಾಳಿಯಲ್ಲಿ ಆ ಸಿಕ್ಕನ್ನು ಗೊಣಗುತ್ತಾ ಬಿಡಿಸುವುದು ಟಿವಿಯಲ್ಲಿ ಆಗಾಗ ಕಾಣಿಸುತ್ತದೆ. ಪಳಗಿದವರು ಬೇಟ್‌ಕ್ಯಾಸ್ಟರ್‌ನಿಂದ ದೋಣಿಕಟ್ಟೆಯ ಹಲಗೆಯಡಿಯ ಗೇಣಗಲದ ಸಂದಿಗೆ ಎರೆ ತೂರಿಸುತ್ತಾರೆ, ನೀರಿನ ಮೇಲೆ ಸಪ್ಪಳವೇ ಆಗುವುದಿಲ್ಲ. ಆ ಹೆಬ್ಬೆರಳನ್ನು ಗಮನಿಸಲು ಕಲಿತವರು ಆಟದ ಅರ್ಧ ಸೊಗಸು ಕಂಡಂತೆ.

ನೂಲಿನಲ್ಲೂ ಲೆಕ್ಕವಿದೆ. ನೈಲಾನ್ ಹಿಗ್ಗುತ್ತದೆ, ಬೇಗ ಮುಳುಗುವುದಿಲ್ಲ, ನೀರಿನ ಮೇಲಾಡುವ ಎರೆಗೆ ಹೊಂದುತ್ತದೆ. ಫ್ಲೋರೊಕಾರ್ಬನ್ ಮುಳುಗುತ್ತದೆ, ತಿಳಿನೀರಿನಲ್ಲಿ ಕಾಣುವುದು ಕಡಿಮೆ. ಹೆಣೆದ ಬ್ರೇಡ್ ಹಿಗ್ಗುವುದೇ ಇಲ್ಲ, ಜೊಂಡನ್ನೂ ಕುಯ್ದುಕೊಂಡು ಮೀನನ್ನು ಎಳೆದು ತರುತ್ತದೆ.

ಎರೆಯ ಕಥೆ ಇವೆಲ್ಲಕ್ಕಿಂತ ಸ್ವಾರಸ್ಯ. 1949ರಲ್ಲಿ ಓಹಿಯೊದ ಅಕ್ರನ್ ಊರಿನ ನಿಕ್ ಕ್ರೀಮ್ ಮೆತ್ತನೆಯ ಪ್ಲಾಸ್ಟಿಕ್ ಎರೆಹುಳುವನ್ನು ಮಾರುಕಟ್ಟೆಗೆ ತಂದರು. ಮುಂದೆ ಅವರ ಉದ್ಯಮ ಟೆಕ್ಸಸ್‌ನ ಟೈಲರ್‌ಗೆ ಹೋಯಿತು. ಟೆಕ್ಸಸ್‌ನ ಹೊಸ ಜಲಾಶಯಗಳ ತುಂಬ ಮುಳುಗಿದ ಕಾಡು, ಎಸೆದಲ್ಲೆಲ್ಲ ಗಾಳ ಕೊಂಬೆಗೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೊಂದು ಉಪಾಯ ಹುಟ್ಟಿತು: ಗಾಳದ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸಿ, ಮೂತಿಯ ಮುಂದೆ ಗುಂಡಿನ ಆಕಾರದ ಸೀಸ ಪೋಣಿಸುವುದು. ಟೆಕ್ಸಸ್ ರಿಗ್ ಎಂದು ಹೆಸರಾದ ಈ ಕಟ್ಟು ಇವತ್ತಿಗೂ ಹೊಸಬರ ಮೊದಲ ಪಾಠ. ಕೊಂಬೆಗಳ ನಡುವೆ ಹುಳು ತೆವಳುತ್ತಾ ಬರುತ್ತದೆ. ಮೀನು ಕಚ್ಚಿದಾಗ ಕೋಲನ್ನು ಜೋರಾಗಿ ಮೇಲೆತ್ತಿದರೆ ಮೊನೆ ಪ್ಲಾಸ್ಟಿಕ್ ಸೀಳಿಕೊಂಡು ದವಡೆಗೆ ನೆಡುತ್ತದೆ. ಮುಂದೆ ಗ್ಯಾರಿ ಯಮಾಮೊಟೊ ತಂದ ಸೆಂಕೊ ನೋಡಲು ಬರೀ ಕಡ್ಡಿ, ಬಾಲವಿಲ್ಲ, ಕಾಲಿಲ್ಲ. ಪ್ಲಾಸ್ಟಿಕ್‌ಗೆ ಉಪ್ಪು ಬೆರೆಸಿದ್ದರಿಂದ ತೂಕ ಹೆಚ್ಚು. ಬೇರೆ ಸೀಸ ಬೇಕಿಲ್ಲ. ಸುಮ್ಮನೆ ನೀರಿಗೆ ಬಿಟ್ಟರೆ ಎರಡೂ ತುದಿ ನಡುಗಿಸುತ್ತಾ ಅಡ್ಡಡ್ಡ ಇಳಿಯುತ್ತದೆ, ಬಹುಪಾಲು ಮೀನು ಆ ಇಳಿತದಲ್ಲೇ ಕಚ್ಚುತ್ತವೆ. ಅಲ್ಲಿ ಆಟಗಾರ ಮಾಡಬೇಕಾದ ಕಷ್ಟದ ಕೆಲಸ ಒಂದೇ, ಏನೂ ಮಾಡದಿರುವುದು.

ನೀರಿನ ಮೇಲಿನ ಆಟ ನೋಡಲು ಇನ್ನೂ ಚೆಂದ. ಹೆಡನ್ ಕಂಪನಿಯ ಜಾರಾ ಸ್ಪೂಕ್ ಚುರುಟಿನ ಆಕಾರದ ಎರೆ; ಕೋಲಿನ ತುದಿಯನ್ನು ತಾಳ ಹಿಡಿದು ಕುಟ್ಟಿದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರುತ್ತಾ ಬರುತ್ತದೆ. ಟೊಳ್ಳು ಮೈಯ ರಬ್ಬರ್ ಕಪ್ಪೆಯನ್ನು ಪಾಚಿಯ ಮೇಲೆ ಎಳೆಯುತ್ತಾರೆ. ಕೆಳಗಿಂದ ಮೀನು ಧಡಾರನೆ ಹಾರಿ ಪಾಚಿಯನ್ನೇ ಸ್ಫೋಟಿಸಿದಾಗ ಹೊಸಬರ ಕೈ ತಾನಾಗಿ ಕೋಲನ್ನು ಜಗ್ಗುತ್ತದೆ, ಕಪ್ಪೆ ಖಾಲಿ ಬರುತ್ತದೆ. ಬಲ್ಲವರು ಉಸಿರು ಹಿಡಿದು ಒಂದರೆಗಳಿಗೆ ಕಾಯುತ್ತಾರೆ, ನೂಲಿನಲ್ಲಿ ಮೀನಿನ ಭಾರ ತಿಳಿದ ಮೇಲಷ್ಟೇ ಜಗ್ಗುತ್ತಾರೆ. ಕರ್ನಾಟಕದ ಕೆರೆಗಳಲ್ಲಿ ಕೊರವ ಮೀನಿಗೆ ಇದೇ ರಬ್ಬರ್ ಕಪ್ಪೆ ಎಸೆಯುವ ಹುಡುಗರಿಗೆ ಈ ತಾಳ್ಮೆಯ ಬೆಲೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗೆಂದು ಪಟ್ಟುಗಳೆಲ್ಲ ಹೀಗೆ ಅಬ್ಬರದವಲ್ಲ. ಕ್ಯಾಲಿಫೋರ್ನಿಯಾದ ಡೀ ಥಾಮಸ್ 1970ರ ದಶಕದಲ್ಲಿ ಹೆಸರುವಾಸಿ ಮಾಡಿದ ಫ್ಲಿಪ್ಪಿಂಗ್‌ನಲ್ಲಿ ದೂರ ಎಸೆಯುವುದೇ ಇಲ್ಲ. ಉದ್ದ ಕೋಲು, ಗಿಡ್ಡ ನೂಲು. ಜೊಂಡಿನ ಒಂದೊಂದೇ ಸಂದಿಗೆ ಎರೆಯನ್ನು ತೂಗಿ ಇಳಿಸುವುದು. ನಾಕ್ಸ್‌ವಿಲ್‌ನಲ್ಲಿ ಗಸ್ಟಾಫ್ಸನ್ ಮಾಡಿದ್ದೂ ಅಂಥದೇ ಸದ್ದಿಲ್ಲದ ಕೆಲಸ. ಎರಡು ಜಲಾಶಯಗಳನ್ನು ಕೂಡಿಸುವ ಕಾಲುವೆಯ ಬಳಿ ನಿಂತು, ಭಾರದ ತಲೆಯ ಸಣ್ಣ ಗಾಳವನ್ನು, ಅಂದರೆ ಜಿಗ್ಗನ್ನು, ನೇರ ಕೆಳಗಿಳಿಸಿ, ಸ್ಮಾಲ್‌ಮೌತ್‌ಗಳ ತಲೆಯ ಮೇಲೆ ಅಲುಗಿಸದೆ ಹಿಡಿಯುವುದು. ಕೆನಡಾದ ಕಡೆಯವರು ಇದಕ್ಕೆ ಮೋಪಿಂಗ್ ಅನ್ನುತ್ತಾರೆ. ನಾಕ್ಸ್‌ವಿಲ್‌ನ ಆ ನೀರಿನಲ್ಲಿ 18 ಇಂಚಿಗಿಂತ ಚಿಕ್ಕ ಸ್ಮಾಲ್‌ಮೌತ್ ಲೆಕ್ಕಕ್ಕಿಲ್ಲ. ಹಾಗಾಗಿ ಬೇರೆಯವರು ಅದರ ಗೊಡವೆಗೆ ಅಷ್ಟಾಗಿ ಹೋಗಲಿಲ್ಲ, ಗಸ್ಟಾಫ್ಸನ್ ಹೋದರು. ಗೆಲುವು ನಿರ್ಧಾರವಾದದ್ದು ಆ ಆಯ್ಕೆಯಲ್ಲಿ.

ಈ ಆಟಕ್ಕೆ ಪಂದ್ಯದ ರೂಪ ಕೊಟ್ಟವರು ಅಲಬಾಮದ ಮಾಂಟ್‌ಗೊಮರಿಯ ವಿಮಾ ಏಜೆಂಟ್ ರೇ ಸ್ಕಾಟ್. 1967ರ ಜೂನ್‌ನಲ್ಲಿ ಅರ್ಕಾನ್ಸಾದ ಬೀವರ್ ಲೇಕ್‌ನಲ್ಲಿ ಮೊದಲ ಪಂದ್ಯ, ಆಮೇಲೆ ಬಿ.ಎ.ಎಸ್.ಎಸ್. ಎಂಬ ಸಂಘ. 1971ರ ಮೊದಲ ಕ್ಲಾಸಿಕ್‌ಗೆ ಆಟಗಾರರನ್ನು ವಿಮಾನ ಹತ್ತಿಸಿ, ಆಕಾಶದಲ್ಲಿದ್ದಾಗ ಕೆರೆಯ ಹೆಸರು ಹೇಳಿದರಂತೆ: ನೆವಾಡದ ಲೇಕ್ ಮೀಡ್. ಗೆದ್ದವರು ಬಾಬಿ ಮರ್ರಿ. ಸ್ಕಾಟ್ ಮಾತಿನಮಲ್ಲ, ಪ್ರಚಾರದ ಗೀಳಿನವರು ಎಂಬುದು ನಿಜ. ಆದರೆ 1972ರಲ್ಲಿ ಅವರು ತಂದ ಒಂದು ನಿಯಮ ಈ ಆಟವನ್ನೇ ಬದಲಿಸಿತು. ಹಿಡಿದ ಮೀನನ್ನು ಕೊಲ್ಲುವಂತಿಲ್ಲ. ದೋಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಜೀವಂತ ಇಟ್ಟು, ತೂಗಿ, ಮರಳಿ ಬಿಡಬೇಕು. ಇವತ್ತು ಸತ್ತ ಮೀನು ತಂದವರ ಲೆಕ್ಕದಿಂದ ಮೀನೊಂದಕ್ಕೆ ನಾಲ್ಕು ಔನ್ಸ್ ಕಳೆಯುತ್ತಾರೆ. ತಡವಾಗಿ ದಡ ಸೇರಿದರೆ ನಿಮಿಷಕ್ಕೊಂದು ಪೌಂಡ್.

ನಿಯಮ ಸರಳ: ದಿನವಿಡೀ ಎಷ್ಟೇ ಹಿಡಿದರೂ ತೂಕಕ್ಕೆ ತರುವುದು ಒಳ್ಳೆಯ ಐದು. ಆರನೆಯದು ಸಿಕ್ಕರೆ ಚಿಕ್ಕದೊಂದನ್ನು ಬಿಡಬೇಕು. 2011ರಲ್ಲಿ ಹುಟ್ಟಿದ ಮೇಜರ್ ಲೀಗ್ ಫಿಶಿಂಗ್ ಈ ಲೆಕ್ಕವನ್ನು ತಿರುವಿಹಾಕಿತು. ಅದರ ಮೂಲ ಪದ್ಧತಿಯಲ್ಲಿ ದೋಣಿಯಲ್ಲೇ ತೀರ್ಪುಗಾರ ಇರುತ್ತಾನೆ, ನಿಗದಿತ ತೂಕ ದಾಟಿದ ಪ್ರತಿ ಮೀನೂ ಲೆಕ್ಕಕ್ಕೆ, ತೂಗಿದ ಕೂಡಲೇ ನೀರಿಗೆ. ಎದುರಾಳಿಯ ಅಂಕ ಆಗಾಗ ಕಿವಿಗೆ ಬೀಳುತ್ತಿರುತ್ತದೆ. ಹಳಬರಿಗೆ ಇದು ಟೆಸ್ಟ್ ನೋಡುತ್ತಿದ್ದವರಿಗೆ ಟಿ20 ತೋರಿಸಿದಂತೆ. ರಂಜನೆ ಉಂಟು, ದೊಡ್ಡ ಮೀನಿಗಾಗಿ ಕಾಯುವ ಎದೆಗಾರಿಕೆಗೆ ಅಲ್ಲಿ ಜಾಗ ಕಡಿಮೆ.

ಪೈಪೋಟಿಯಷ್ಟೇ ಅಲ್ಲ, ಒಡನಾಟವೂ ಈ ಆಟದ ಭಾಗ. ಬಾಸ್ ಲೋಕದ ಅತಿ ದೊಡ್ಡ ಕಥೆಯಲ್ಲೇ ಇಬ್ಬರಿದ್ದಾರೆ. 1932ರ ಜೂನ್ 2ರಂದು ಜಾರ್ಜಿಯಾದ ಮಾಂಟ್‌ಗೊಮರಿ ಲೇಕ್‌ನಲ್ಲಿ ಜಾರ್ಜ್ ಪೆರ್ರಿ ಎಂಬ ಬಡ ರೈತ 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕಿಲೋ ತೂಗುವ ಬಾಸ್ ಹಿಡಿದ. ಜೊತೆಗಿದ್ದವನು ಗೆಳೆಯ ಜ್ಯಾಕ್ ಪೇಜ್. ಮಹಾಮಂದಿಯ ಕಾಲ; ಪೆರ್ರಿ ಮುಂದೆ ಹೇಳಿಕೊಂಡಂತೆ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕೋಲು, ಒಂದೇ ಎರೆ. ಸರದಿ ಪ್ರಕಾರ ಎಸೆಯುತ್ತಿದ್ದರು, ಆ ಗಳಿಗೆಯ ಸರದಿ ಪೆರ್ರಿಯದು. ಮೀನನ್ನು ತೂಗಿಸಿದ, ಮನೆಗೊಯ್ದ, ಮನೆಮಂದಿ ತಿಂದರು. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು 22 ಪೌಂಡ್ 4.97 ಔನ್ಸ್. ಹಳೆಯ ದಾಖಲೆ ಮುರಿಯಲು ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮವಿದ್ದುದರಿಂದ ಇಬ್ಬರ ಹೆಸರೂ ಸರಿಸಮ ನಿಂತಿವೆ. ಜಪಾನಿನಲ್ಲಿ ಬಾಸ್ ಹೊರಗಿನಿಂದ ತಂದು ಬಿಟ್ಟ ಮೀನು, ಅಲ್ಲಿನ ಸ್ಥಳೀಯ ಮೀನುಗಳನ್ನು ನುಂಗಿಹಾಕುತ್ತದೆ. ಬಿವಾದಲ್ಲಿ ಹಿಡಿದದ್ದನ್ನು ಮರಳಿ ನೀರಿಗೆ ಬಿಡುವುದೇ ನಿಷಿದ್ಧ. ಅಮೆರಿಕದಲ್ಲಿ ಪುಣ್ಯವೆನಿಸಿದ್ದು ಅಲ್ಲಿ ತಪ್ಪು.

ಸ್ನೇಹದ ಜೊತೆಗೆ ಅನುಮಾನವೂ ಈ ಲೋಕದ್ದೇ. ದೊಡ್ಡ ಪಂದ್ಯ ಗೆದ್ದವರನ್ನು ಸುಳ್ಳು ಪತ್ತೆ ಪರೀಕ್ಷೆಗೆ ಕೂರಿಸುವುದು ಮಾಮೂಲು. 2022ರಲ್ಲಿ ಓಹಿಯೊದ ಈರಿ ಸರೋವರದ ಪಂದ್ಯವೊಂದರಲ್ಲಿ, ಅದು ಬಾಸ್ ಅಲ್ಲ, ವಾಲೈ ಎಂಬ ಮೀನಿನದು, ಮೀನುಗಳ ಹೊಟ್ಟೆ ಕುಯ್ದಾಗ ಸೀಸದ ಗುಂಡುಗಳು ಉದುರಿದ್ದವು. ಹಿಡಿದ ಇಬ್ಬರೂ ಜೈಲಿಗೆ ಹೋದರು. ಈಗಿನ ಜಗಳ ಇನ್ನೊಂದು: ದೋಣಿಯ ಮುಂದಿನ ನೀರಿನಲ್ಲಿ ಮೀನು ಅಲುಗುವುದನ್ನು ಆ ಕ್ಷಣವೇ ಪರದೆಯಲ್ಲಿ ತೋರಿಸುವ ಸೋನಾರ್. 2018ರಲ್ಲಿ ಗಾರ್ಮಿನ್‌ನ ಲೈವ್‌ಸ್ಕೋಪ್ ಬಂದಾಗಿನಿಂದ ಯುವಕರು ಪರದೆ ನೋಡಿ ಎಸೆಯುತ್ತಾರೆ, ಹಿರಿಯರು ಮುಖ ಸಿಂಡರಿಸುತ್ತಾರೆ. ಪಂದ್ಯ ನಡೆಸುವವರು ಅದಕ್ಕೆ ಮಿತಿ ಹೇರತೊಡಗಿದ್ದಾರೆ. ಹಿರಿಯರ ದೂರಿನಲ್ಲಿ ಹುರುಳಿಲ್ಲದಿಲ್ಲ. ಜಾಗ ಓದುವ ಕಲೆ ಹಿಂದೆ ಸರಿದರೆ ನೋಡುವವರಿಗೆ ಉಳಿಯುವುದು ಒಬ್ಬ ಮನುಷ್ಯನ ಬಗ್ಗಿದ ಕತ್ತು.

ಟೆಕ್ಸಸ್‌ನವರ ಒಲವು ಇನ್ನೊಂದು ಬಗೆಯದು. 1986ರಲ್ಲಿ ಲೇಕ್ ಫೋರ್ಕ್‌ನಲ್ಲಿ ಸಿಕ್ಕ 17.67 ಪೌಂಡಿನ ಬಾಸ್‌ಗೆ ಎತೆಲ್ ಎಂದು ಹೆಸರಿಟ್ಟು ಮೀನಾಲಯದಲ್ಲಿ ವರ್ಷಗಟ್ಟಲೆ ಸಾಕಿದರು. ಅವಳಿಂದಲೇ ರಾಜ್ಯದ ಶೇರ್‌ಲಂಕರ್ ಯೋಜನೆ ಹೆಸರಾಯಿತು. ವರ್ಷದ ಮೊದಲ ಮೂರು ತಿಂಗಳಲ್ಲಿ 13 ಪೌಂಡ್ ದಾಟಿದ ಮೀನು ಹಿಡಿದವರು ಅದನ್ನು ಮರಿ ಮಾಡಿಸಲು ಸರ್ಕಾರಕ್ಕೆ ಸಾಲ ಕೊಡುತ್ತಾರೆ. ಹಾಗೆ ಸಿಗುವ ದೈತ್ಯ ಮೀನುಗಳೆಲ್ಲ ಹೆಣ್ಣೇ. ಗಂಡು ಬಾಸ್ ಅಷ್ಟು ಬೆಳೆಯುವುದಿಲ್ಲ, ಅದರ ಪಾಲಿಗೆ ಗೂಡು ಕಾಯುವ ಕೆಲಸ.

ನೋಡಿ ಕಲಿಯಲು ಕ್ಲಾಸಿಕ್‌ವರೆಗೆ ಹೋಗಬೇಕಿಲ್ಲ. ಬೇಸಿಗೆಯಲ್ಲಿ ಅಮೆರಿಕದ ಎಷ್ಟೋ ಊರುಗಳ ಕೆರೆಗಳಲ್ಲಿ ವಾರದ ನಡುವೆ ಒಂದು ಸಂಜೆ ಚಿಕ್ಕ ಪಂದ್ಯ ಇರುತ್ತದೆ: ದೋಣಿಗೆ ಇಬ್ಬರು, ತಲೆಗಿಷ್ಟು ದುಡ್ಡು, ಕತ್ತಲಾಗುವ ಹೊತ್ತಿಗೆ ದೋಣಿ ಇಳಿಸುವ ಇಳಿಜಾರಿನ ಬಳಿ ತೂಕ. ಅಲ್ಲಿ ನಿಂತವರನ್ನು ಯಾರೂ ಓಡಿಸುವುದಿಲ್ಲ. ಯಾವ ಎರೆಗೆ ಬಿತ್ತು, ಎಷ್ಟು ಆಳದಲ್ಲಿ ಬಿತ್ತು ಎಂದು ಕೇಳಿದರೆ ಡಬ್ಬಿ ತೆರೆದು ತೋರಿಸಿ, ಕೈಗೊಂದು ಹುಳುವನ್ನೂ ಕೊಡುವವರಿದ್ದಾರೆ. ಯಾವ ಜಾಗದಲ್ಲಿ ಎಂದು ಮಾತ್ರ ಕೇಳಬಾರದು. ತಾವೇ ಎಸೆಯುವ ಆಸೆ ಹುಟ್ಟಿದವರು ಮೊದಲು ಆಯಾ ರಾಜ್ಯದ ಮೀನುಗಾರಿಕೆ ಪರವಾನಗಿ ಮಾಡಿಸಿ, ಏಳಡಿಗಿಂತ ಉದ್ದವಿಲ್ಲದ ಸ್ಪಿನ್ನಿಂಗ್ ಕೋಲು, ಒಂದು ಪೊಟ್ಟಣ ಸೆಂಕೊ ತಗೊಂಡು ಊರ ಉದ್ಯಾನದ ಕೊಳದ ದಡದಿಂದಲೇ ಶುರುಮಾಡಬಹುದು. ದೋಣಿಯ ಸಾಲ ಆಮೇಲೆ.