ಚಲಚ್ಚಿತ್ರದಲ್ಲಿ ಪ್ರೇಮ, ವ್ಯಾಧಿ ಮತ್ತು ಪ್ರೇಕ್ಷಕರ ಕಣ್ಣೀರು

ಪ್ರೇಮಿಗಳಲ್ಲೊಬ್ಬರಿಗೆ ವಾಸಿಯಾಗದ ರೋಗ ತಗಲುವುದು, ಉಳಿದ ಕೆಲವೇ ದಿನಗಳಲ್ಲಿ ಪ್ರೇಮವು ತನ್ನ ಎತ್ತರವನ್ನು ಮುಟ್ಟುವುದು, ಕಡೆಗೆ ಮರಣ: ಈ ಕಥಾವಸ್ತು ನಮ್ಮ ಚಲಚ್ಚಿತ್ರಗಳಲ್ಲಿ ಮತ್ತೆ ಮತ್ತೆ ಬಂದಿದೆ. ಜನರೂ ಮತ್ತೆ ಮತ್ತೆ ಹೋಗಿ ಅತ್ತು ಬಂದಿದ್ದಾರೆ. ಇದು ಅಗ್ಗದ ಅಳು ಎಂದು ತಿಳಿದವರು ತಳ್ಳಿಹಾಕುವುದುಂಟು. ಆದರೆ ಇಷ್ಟು ಜನ ಇಷ್ಟು ಕಾಲ ಅತ್ತಿರುವಾಗ, ಆ ಅಳುವಿನ ಮೂಲವೇನೆಂದು ವಿಚಾರಿಸುವುದು ವಿಮರ್ಶೆಯ ಕರ್ತವ್ಯ. ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ನಮಗೆ ಈ ವಿಚಾರದಲ್ಲಿ ಒಂದು ಸೌಕರ್ಯವೂ ಇದೆ. ಕನ್ನಡ, ತಮಿಳು, ತೆಲುಗು ಮೂರೂ ನಮ್ಮ ಕಿವಿಗೆ ಹತ್ತಿರವಾದ ನುಡಿಗಳು. ಮೂರರ ಚಿತ್ರಗಳನ್ನೂ ಒಟ್ಟಿಗಿಟ್ಟು ನೋಡುವುದು ನಮಗೆ ಕಷ್ಟವಲ್ಲ.

ವ್ಯಾಧಿಯೂ ಮರಣವೂ ನಮ್ಮ ಕಾವ್ಯಮೀಮಾಂಸೆಗೆ ಹೊಸವಲ್ಲ. ಭರತನು ಹೇಳಿದ 33 ವ್ಯಭಿಚಾರಿಭಾವಗಳಲ್ಲಿ ಎರಡಕ್ಕೂ ಸ್ಥಾನವಿದೆ. ವಿರಹಿಯ ದಶಾವಸ್ಥೆಗಳನ್ನು ಎಣಿಸುವಾಗ ಉನ್ಮಾದ, ವ್ಯಾಧಿ, ಜಡತೆಗಳು ಬಂದು ಕೊನೆಗೆ ಮರಣ ಬರುತ್ತದೆ. ಆದರೆ ಅಲ್ಲಿ ವ್ಯಾಧಿಯು ಪ್ರೇಮದಿಂದಲೇ ಹುಟ್ಟಿದ್ದು. ನಾಗವರ್ಮನು ಕನ್ನಡಿಸಿದ ‘ಕಾದಂಬರಿ’ಯಲ್ಲಿ ಪುಂಡರೀಕನು ವಿರಹತಾಪದಿಂದಲೇ ಪ್ರಾಣ ಬಿಡುತ್ತಾನೆ, ಮಹಾಶ್ವೇತೆಗೆ ಪುನರ್ಮಿಲನದ ಭರವಸೆಯಿದೆ. ಚಲಚ್ಚಿತ್ರದ ವ್ಯಾಧಿ ಹಾಗಲ್ಲ. ಅದು ಹೊರಗಿನಿಂದ ಬಂದದ್ದು, ಪ್ರೇಮಕ್ಕೆ ಸಂಬಂಧವಿಲ್ಲದ್ದು, ಪುನರ್ಮಿಲನದ ಆಸೆಯನ್ನು ಉಳಿಸದಂಥದು. ಹಳೆಯ ಕಥೆಯಲ್ಲಿ ಶಾಪವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ರೋಗ ಮಾಡುತ್ತದೆ.

ಕಾಲ ಬದಲಾದಂತೆ ಆ ರೋಗದ ಹೆಸರೂ ಬದಲಾದದ್ದು ಗಮನಾರ್ಹ. 1961ರ ತಮಿಳಿನ ‘ಪಾಲುಂ ಪಳಮುಂ’ ಚಿತ್ರದಲ್ಲಿ ನಮ್ಮ ಬಿ. ಸರೋಜಾದೇವಿಯವರು ಅಭಿನಯಿಸಿದ ನಾಯಕಿಗೆ ಕ್ಷಯ. ಆಕೆಯ ಗಂಡನೋ ಕ್ಯಾನ್ಸರಿನ ಮೇಲೆ ಸಂಶೋಧನೆ ನಡೆಸುವ ವೈದ್ಯ. ಒಂದೇ ಕಥೆಯಲ್ಲಿ ಹಳೆಯ ರೋಗ, ಹೊಸ ರೋಗ ಎರಡೂ ನಿಂತಿವೆ. 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಮತ್ತು ಆಮೇಲಿನ ಔಷಧಗಳು ಕ್ಷಯವನ್ನು ವಾಸಿಮಾಡತೊಡಗಿದ ಮೇಲೆ ಕಥೆಗಾರನಿಗೆ ಅದು ಸಾಲದಾಯಿತು. 1962ರಲ್ಲಿ ಶ್ರೀಧರ್ ಅವರ ‘ನೆಂಜಿಲ್ ಓರ್ ಆಲಯಂ’ ಬಂದಾಗ ಆಸ್ಪತ್ರೆಯ ಹಾಸಿಗೆಯ ಮೇಲಿದ್ದವನು ಕ್ಯಾನ್ಸರ್ ರೋಗಿ. 1981ರಲ್ಲಿ ಶಂಕರನಾಗ್ ಅವರ ‘ಗೀತಾ’ದ ನಾಯಕಿಗೆ ರಕ್ತದ ಕ್ಯಾನ್ಸರ್. ಅದೇ ವರ್ಷ ತೆಲುಗಿನಲ್ಲಿ ದಾಸರಿ ನಾರಾಯಣರಾಯರ ‘ಪ್ರೇಮಾಭಿಷೇಕಂ’ ಬಂತು. ಅದು 1982ರಲ್ಲಿ ಕಮಲಹಾಸನ್ ಅವರ ‘ವಾಳ್ವೇ ಮಾಯಂ’ ಆಗಿ ತಮಿಳಿಗೆ ಹೋಯಿತು. ಇವುಗಳಿಗೆ ಬೇಕಾದದ್ದು ರೋಗವಲ್ಲ, ಮದ್ದಿಲ್ಲದಿರುವಿಕೆ.

ಹಾಗಾದರೆ ಪ್ರೇಕ್ಷಕರು ಅಳುವುದು ಯಾವುದಕ್ಕೆ? ಮರಣಕ್ಕೆ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಕಣ್ಣೀರು ಬರುವುದು ಬಹುಮಟ್ಟಿಗೆ ಮರಣಕ್ಕಿಂತ ಮುಂಚೆ. ‘ಪ್ರೇಮಾಭಿಷೇಕಂ’ನ ನಾಯಕನಾದ ಅಕ್ಕಿನೇನಿ ನಾಗೇಶ್ವರರಾಯರು ತನ್ನ ರೋಗವನ್ನು ಮುಚ್ಚಿಟ್ಟು, ಪ್ರಿಯೆಯು ತನ್ನನ್ನು ದ್ವೇಷಿಸಲೆಂದು ಕೆಟ್ಟವನಂತೆ ನಟಿಸುತ್ತಾನೆ. ಆಕೆಗೆ ತಿಳಿಯದು, ನಮಗೆ ತಿಳಿದಿದೆ. ಆಕೆ ಬೈದಾಗ ನಾವು ಅಳುತ್ತೇವೆ. ಇಲ್ಲಿ ರಸಕ್ಕೆ ಕಾರಣವಾದದ್ದು ರೋಗವಲ್ಲ, ಗುಟ್ಟು. ಗುಟ್ಟನ್ನು ಹೊತ್ತ ಪಾತ್ರದ ಜತೆಗೆ ಪ್ರೇಕ್ಷಕನೂ ಅದನ್ನು ಹೊರುತ್ತಾನೆ; ಯಾರಿಗೂ ಹೇಳಲಾರದ ಆ ಭಾರವೇ ಕಣ್ಣೀರಾಗಿ ಇಳಿಯುತ್ತದೆ.

ಇದು ನಮ್ಮ ಜನಪದರಿಗೂ ಗೊತ್ತಿದ್ದ ಮರ್ಮ. ‘ಕೆರೆಗೆ ಹಾರ’ದ ಭಾಗೀರಥಿ ತೌರಿಗೆ ಹೋಗಿ ತಂದೆತಾಯಿಗಳಿಗೆ ನಿಜವನ್ನು ಹೇಳುವುದಿಲ್ಲ. ಅತ್ತೆಮಾವಂದಿರು ತಮ್ಮನ್ನು ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ಗೆಳತಿಯೊಬ್ಬಳಿಗೆ ಮಾತ್ರ ನಿಜ ತಿಳಿಯುತ್ತದೆ. ದಂಡಿನಲ್ಲಿದ್ದ ಗಂಡನಿಗಂತೂ ತಿಳಿಯುವುದು ಎಲ್ಲ ಮುಗಿದ ಮೇಲೆ. ಕೇಳುವವರ ಎದೆ ಹಿಂಡುವುದು ಕೆರೆಯ ನೀರು ಏರುವಾಗ ಮಾತ್ರವಲ್ಲ, ತೌರುಮನೆಯ ಆ ಮಾತುಕತೆಯಲ್ಲಿ. ಆದ್ದರಿಂದ ಈ ಚಿತ್ರಗಳ ಅಳುವು ಹೊರನಾಡಿನಿಂದ ಬಂದ ಸರಕೆಂದು ತಿಳಿಯಬೇಕಾಗಿಲ್ಲ.

ಆದರೆ ಗುಟ್ಟಿಲ್ಲದೆಯೂ ಕರುಣವು ಹುಟ್ಟಬಲ್ಲದು. ಅದು ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ‘ನೆಂಜಿಲ್ ಓರ್ ಆಲಯಂ’ನ ರೋಗಿಗೆ ತನ್ನ ಸ್ಥಿತಿ ಗೊತ್ತು. ತನಗೆ ಚಿಕಿತ್ಸೆ ಮಾಡುವ ವೈದ್ಯನು ತನ್ನ ಹೆಂಡತಿಯ ಹಿಂದಿನ ಪ್ರಿಯನೆಂಬುದೂ ತಿಳಿಯುತ್ತದೆ. ತಾನು ಸತ್ತರೆ ಆತನನ್ನೇ ಮದುವೆಯಾಗೆಂದು ಅವನು ಹೆಂಡತಿಗೆ ಬಾಯಿಬಿಟ್ಟು ಹೇಳುತ್ತಾನೆ. ಅಲ್ಲಿಂದ ಮೂವರ ಶೀಲವೂ ಪರೀಕ್ಷೆಗೆ ಒಳಗಾಗುತ್ತದೆ. ಕಡೆಗೆ ಉಳಿಯುವವನು ರೋಗಿ, ಸಾಯುವವನು ವೈದ್ಯ. ಆ ವೈದ್ಯನ ಪಾತ್ರವನ್ನು ನಿರ್ವಹಿಸಿದವರು ಕನ್ನಡದ ಕಲ್ಯಾಣಕುಮಾರ್. 1977ರಲ್ಲಿ ಇದೇ ಕಥೆ ‘ಕುಂಕುಮ ರಕ್ಷೆ’ಯಾಗಿ ಕನ್ನಡಕ್ಕೂ ಬಂತು. ಮಣಿರತ್ನಂ ಅವರ 1989ರ ತೆಲುಗು ಚಿತ್ರ ‘ಗೀತಾಂಜಲಿ’ಯಲ್ಲಿ ಇಬ್ಬರೂ ರೋಗಿಗಳು, ಕಡೆಗೆ ಒಬ್ಬರ ಸ್ಥಿತಿ ಇನ್ನೊಬ್ಬರಿಗೆ ತಿಳಿಯುತ್ತದೆ. ಚಿತ್ರವು ಮರಣವನ್ನು ತೋರಿಸದೆಯೇ ಮುಗಿಯುತ್ತದೆ. ನಾಗತಿಹಳ್ಳಿ ಚಂದ್ರಶೇಖರರ 2005ರ ‘ಅಮೃತಧಾರೆ’ಯಲ್ಲಿ ಅಮಿತಾಭ್ ಬಚ್ಚನ್ನರನ್ನು ಕಾಣಬೇಕೆಂಬ ನಾಯಕಿಯ ಕೊನೆಯಾಸೆ ಈಡೇರುವುದೇ ಮುಖ್ಯ ಘಟ್ಟ. ಇಂಥ ಕಡೆ ನಾವು ಕೇಳುವ ಪ್ರಶ್ನೆ ‘ಯಾವಾಗ ತಿಳಿದೀತು?’ ಎಂಬುದಲ್ಲ, ‘ತಿಳಿದ ಮೇಲೆ ಇವರು ಹೇಗೆ ಬಾಳುತ್ತಾರೆ?’ ಎಂಬುದು.

ಗುಮ್ಮಳಾಪುರದಲ್ಲಿ ಈ ಮಾತನ್ನಾಡುವಾಗ ಇನ್ನೊಂದು ಸ್ಮರಣೆ ಸಹಜವಾಗಿ ಬರುತ್ತದೆ. ‘ಶೂನ್ಯಸಂಪಾದನೆ’ಯ ಸಂಪಾದನಕಾರರಲ್ಲಿ ಒಬ್ಬನಾದ ಸಿದ್ಧಲಿಂಗಯತಿಯ ಹೆಸರಿನೊಡನೆ ಈ ಊರು ಸೇರಿಕೊಂಡಿದೆ. ಆ ಗ್ರಂಥದ ಮಹಾದೇವಿಯಕ್ಕನು ಅಳಿದುಹೋಗುವ ಗಂಡನನ್ನು ಒಲ್ಲೆನೆಂದು ಅಳಿವಿಲ್ಲದವನಿಗೆ ಒಲಿದವಳು. ಚಲಚ್ಚಿತ್ರದ ನಾಯಕಿ ಇದಕ್ಕೆ ವಿರುದ್ಧ. ಅಳಿದುಹೋಗುವನೆಂದು ತಿಳಿದೂ ಅವನಿಗೇ ಒಲಿಯುವವಳು. ಎರಡು ನಿಲುವುಗಳೂ ಮರಣವನ್ನು ಕಣ್ಣಾರೆ ಕಂಡೇ ಹುಟ್ಟಿದವು. ಅಕ್ಕನ ದಾರಿ ಕೆಲವರಿಗೆ ಮಾತ್ರ ಸಾಧ್ಯ. ಮನೆಮನೆಯಲ್ಲಿ ರೋಗಿಯ ಪಕ್ಕ ಕುಳಿತವರೆಲ್ಲರೂ ಎರಡನೆಯ ದಾರಿಯವರು. ಚಿತ್ರಮಂದಿರದಲ್ಲಿ ಅವರು ಅಳುವಾಗ ತಮ್ಮ ಮನೆಯ ದುಃಖವನ್ನೂ ಸೇರಿಸಿಯೇ ಅಳುತ್ತಾರೆ. ಅದನ್ನು ಹಾಸ್ಯ ಮಾಡಲಾಗದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಅವಶ್ಯ. ಚಿತ್ರದ ಕ್ಯಾನ್ಸರಿನಲ್ಲಿ ನೋವು ಕಡಮೆ, ಖರ್ಚಿಲ್ಲ, ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಅಲೆಯುವುದಿಲ್ಲ. ನಾಯಕಿಯ ಮುಖದ ಕಾಂತಿಯೂ ಕುಂದುವುದಿಲ್ಲ. ವೈದ್ಯನು ತಲೆಯಾಡಿಸಿದರೆ ಅಲ್ಲಿಗೆ ಮುಗಿಯಿತು. ವಾಸ್ತವ ಬೇರೆ. ಮದರಾಸಿನ ಅಡ್ಯಾರಿನಲ್ಲಿ 1954ರಿಂದಲೂ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ 1973ರಿಂದಲೂ ಈ ರೋಗಕ್ಕೆ ಚಿಕಿತ್ಸೆ ನಡೆದುಬಂದಿದೆ. ‘ಗೀತಾ’ದ ನಾಯಕಿಯನ್ನು ಕೊಂದ ರಕ್ತದ ಕ್ಯಾನ್ಸರಿನಲ್ಲಿಯೇ ಹಲವು ಬಗೆಗಳಿದ್ದು, ಒಂದು ಬಗೆಯನ್ನು 2001ರಿಂದ ಮಾತ್ರೆಗಳಿಂದಲೇ ಹತೋಟಿಯಲ್ಲಿಡಲಾಗುತ್ತಿದೆ. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯು ಸಕಾಲದಲ್ಲಿ ಪೂರ್ಣ ಚಿಕಿತ್ಸೆ ದೊರೆತರೆ ಹೆಚ್ಚಿನವರಲ್ಲಿ ವಾಸಿಯಾಗುತ್ತದೆ. ರೋಗದ ಹೆಸರನ್ನು ಮುಚ್ಚಿಡುವ ಮನೆಯಲ್ಲಿ ಆ ಸಕಾಲವೇ ಕಳೆದುಹೋಗುತ್ತದೆ. ಕಲೆಯಲ್ಲಿ ರಸವಾಗುವ ಗುಟ್ಟು ಬಾಳಿನಲ್ಲಿ ವಿಷವಾಗಬಹುದು.

ಈ ವಿವೇಚನೆಯನ್ನು ಮಕ್ಕಳಿಗೆ ಕಲಿಸಲು ಉಪಾಧ್ಯಾಯರಿಗೆ ಹೊಸ ಪಠ್ಯ ಬೇಕಾಗಿಲ್ಲ. ‘ಗೋವಿನ ಹಾಡು’ ನಮ್ಮ ಕೈಯಲ್ಲಿದೆ. ಪುಣ್ಯಕೋಟಿಯು ಹುಲಿಗೆ ಕೊಟ್ಟ ಮಾತನ್ನು ಕರುವಿಗೆ ಮರೆಮಾಚಲಿಲ್ಲ. ಹೇಳಿದ್ದರಿಂದಲೇ ಕರು ತನ್ನ ಭಯವನ್ನು ಕೇಳಿತು. ತಾಯಿ ಬುದ್ಧಿಮಾತು ಹೇಳಿದಳು. ಬಳಗದ ಹಸುಗಳಿಗೆ ಕಂದನನ್ನು ಒಪ್ಪಿಸಿದಳು. ತರಗತಿಯ ಮಕ್ಕಳು ಅಳುವುದೂ ಅಲ್ಲಿಯೇ. ಆ ಅಳುವಿನಲ್ಲಿ ಗುಟ್ಟಿಲ್ಲ. ಒಪ್ಪಿಸಿಕೊಳ್ಳುವವರಿದ್ದಾರೆ ಎಂಬ ಧೈರ್ಯವಿದೆ.