ಚಿತ್ರದಲ್ಲಿಲ್ಲದ ಮಕ್ಕಳು

ಪೀಣ್ಯದ ನಮ್ಮ ಶಾಲೆಯಲ್ಲಿ ಮೈಸೂರು ಯುದ್ಧಗಳ ಪಾಠ ಮಾಡುವಾಗ ರಾಬರ್ಟ್ ಹೋಮ್ ಬರೆದ ಒಂದು ಚಿತ್ರದ ಪ್ರತಿಯನ್ನು ಮಕ್ಕಳಿಗೆ ತೋರಿಸುತ್ತೇನೆ. 1792ರ ಫೆಬ್ರವರಿ. ಶ್ರೀರಂಗಪಟ್ಟಣದ ಹೊರಗೆ ಕಾರ್ನ್‌ವಾಲಿಸ್ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳಾಗಿ ಪಡೆಯುತ್ತಿದ್ದಾನೆ. ಕೈಹಿಡಿದ ರೀತಿ ನೋಡಿದರೆ ಅಜ್ಜ ಮೊಮ್ಮಗನನ್ನು ಬರಮಾಡಿಕೊಂಡಂತಿದೆ. ಕಣ್ಣಾರೆ ಕಂಡವನೆಂಬಂತೆ ಹೋಮ್ ತನ್ನನ್ನೂ ಒಂದು ಬದಿಯಲ್ಲಿ ಬರೆದುಕೊಂಡಿದ್ದಾನೆ. ಕುಂಚ ಪಳಗಿದ್ದು, ನಿಜ. ಆದರೆ ಗೆದ್ದವರ ಕರುಣೆಯನ್ನು ತೋರಿಸುವ ಭರದಲ್ಲಿ, ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡದ್ದನ್ನು ಅದು ಮರೆಸಿಬಿಡುತ್ತದೆ.

ಒಮ್ಮೆ ಕರಾವಳಿಯಿಂದ ಕಾರ್ಖಾನೆ ಕೆಲಸಕ್ಕೆ ಬಂದ ಕ್ರೈಸ್ತರೊಬ್ಬರ ಮಗಳು ಎದ್ದು ನಿಂತು, "ಮಿಸ್, ನಮ್ಮ ಜನರ ಮಕ್ಕಳನ್ನೂ ಶ್ರೀರಂಗಪಟ್ಟಣಕ್ಕೆ ಹಿಡ್ಕೊಂಡು ಹೋಗಿದ್ರಂತೆ. ಅವರ ಚಿತ್ರ ಇಲ್ವಾ?" ಎಂದಳು. ಅವಳ ಪಕ್ಕದಲ್ಲಿದ್ದ ಮುಸ್ಲಿಂ ಹುಡುಗಿ ತಲೆ ತಗ್ಗಿಸಿದಳು. ನಾನು "ಆಮೇಲೆ ಹೇಳ್ತೀನಿ" ಎಂದು ಪುಟ ತಿರುವಿದೆ.

ಹೇಳಬೇಕಾಗಿದ್ದದ್ದು ಇಷ್ಟು. 1784ರ ಜನವರಿ ಕೊನೆಗೆ ಮಂಗಳೂರು ಕೋಟೆ ಟಿಪ್ಪುವಿನ ಕೈಸೇರಿತ್ತು. ಫೆಬ್ರವರಿ 24ರಂದು ಕೆನರಾದ ಕ್ರೈಸ್ತರ ಸೆರೆ ಆರಂಭವಾಯಿತು. ಅವರು ಕಂಪೆನಿಗೆ ನೆರವಾದರೆಂಬುದು ಆರೋಪ. ಎರಡು ವಾರ ಕಳೆದು, ಮಾರ್ಚ್ 11ಕ್ಕೆ, ಒಪ್ಪಂದಕ್ಕೆ ಸಹಿ ಬಿತ್ತು. ಸೆರೆಯಾದವರನ್ನು 30,000 ಎನ್ನುವವರೂ ಇದ್ದಾರೆ, 60,000 ಎನ್ನುವವರೂ ಇದ್ದಾರೆ. ಘಟ್ಟ ಹತ್ತುವ ದಾರಿಯಲ್ಲಿ, ಸೆರೆಯಲ್ಲಿ ಬಹಳ ಮಂದಿ ಸತ್ತರು. ಎಷ್ಟೋ ಮಂದಿಯನ್ನು ಬಲವಂತವಾಗಿ ಮತಾಂತರಿಸಿದರು. ಉಳಿದವರು ಊರು ಕಂಡದ್ದು 1799ರ ನಂತರ.

ಇದು ಯುದ್ಧವೋ, ಜನಾಂಗಹತ್ಯೆಯೋ? ಒಂದು ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶವಿರಬೇಕು ಎನ್ನುತ್ತದೆ 1948ರ ವಿಶ್ವಸಂಸ್ಥೆಯ ಒಡಂಬಡಿಕೆ. ಅಂಥ ಉದ್ದೇಶದಿಂದ ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸೇರಿಸುವುದೂ ಅದರ ಪಟ್ಟಿಯಲ್ಲಿದೆ. ಟಿಪ್ಪುವಿನ ಉದ್ದೇಶ ಇಂದಿಗೂ ವಾದದ ವಿಷಯ. 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಕೊಳ್ಳೆಹೊಡೆದಾಗ ನೆರವಿತ್ತವನೂ ಅವನೇ. ಆದ್ದರಿಂದ ಮತದ್ವೇಷ ಎಂಬ ಒಂದೇ ಮಾತಿನಿಂದ ಇದು ಮುಗಿಯುವುದಿಲ್ಲ. ಹಾಗೆಂದು, ಯುದ್ಧಕಾಲದಲ್ಲಿ ಇದೆಲ್ಲ ಸಹಜ ಎಂದು ಕೈತೊಳೆದುಕೊಳ್ಳುವುದೂ ಸಲ್ಲದು. ಶತ್ರುವಿಗೆ ನೆರವಾದ ಕೆಲವರನ್ನು ಹುಡುಕುವ ಬದಲು ಇಡೀ ಜನವನ್ನೇ ಶತ್ರುವೆಂದದ್ದು, ತೊಟ್ಟಿಲ ಕೂಸಿನ ಮೇಲೂ ಅಪರಾಧ ಹೊರಿಸಿದ್ದು, ಇಲ್ಲಿಯೇ ಯುದ್ಧ ತನ್ನ ಎಲ್ಲೆ ದಾಟುತ್ತದೆ. ಅದೇ ಲೆಕ್ಕವನ್ನು ಇಂದು ನಮ್ಮ ಬೆಂಚಿನ ಹುಡುಗಿಯ ಮೇಲೆ ಹಾಕಿದರೆ ನಾವೂ ಅದೇ ತಪ್ಪು ಮಾಡಿದಂತೆ.

ಮಾರನೆಯ ದಿನ ಅದೇ ಪುಟ ತೆಗೆದು ಇಷ್ಟನ್ನೂ ಹೇಳಿದೆ. ಇಬ್ಬರೂ ಅದೇ ಬೆಂಚಿನಲ್ಲಿ ಕೂತು ಕೇಳಿದರು.