ಪ್ರಭಾವದ ಲೆಕ್ಕ ಹಾಕುವುದು ಹೇಗೆ?

ಸಿನಿಮಾ ಕಲೆಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ ನಿರ್ದೇಶಕರು ಯಾರೆಂದು ಕೇಳಿದರೆ ಐಸೆನ್‌ಸ್ಟೈನ್, ಕುರೊಸಾವಾ, ಸತ್ಯಜಿತ್ ರೇ ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ಆ ಪಟ್ಟಿಯ ಬಗ್ಗೆ ತಕರಾರಿಲ್ಲ. ಆದರೆ ದೊಡ್ಡ ನಿರ್ದೇಶಕನೆಲ್ಲ ಪ್ರಭಾವ ಬೀರಿದವನಾಗಿರಬೇಕೆಂದಿಲ್ಲ. ಪ್ರಶಸ್ತಿಯಾಗಲಿ ಗಲ್ಲಾಪೆಟ್ಟಿಗೆಯಾಗಲಿ ಇದಕ್ಕೆ ಅಳತೆಗೋಲಲ್ಲ. ನಂತರ ಬಂದವರು ಅವನಿಂದ ಏನನ್ನು ಪಡೆದುಕೊಂಡರು ಎಂಬುದೇ ನಿಜವಾದ ಲೆಕ್ಕ. ನಮ್ಮವರೇ ಆದ ಪುಟ್ಟಣ್ಣ ಕಣಗಾಲ್ ಮತ್ತು ಎಂ.ಎಸ್. ಸತ್ಯು ಅವರನ್ನಿಟ್ಟುಕೊಂಡು ಈ ಲೆಕ್ಕ ನೋಡಬಹುದು.

ಈ ಚರ್ಚೆಗೆ ಕೊಳ್ಳೇಗಾಲ ಸೀಮೆ ತಕ್ಕ ಜಾಗ. 1956ರವರೆಗೆ ಹನೂರನ್ನೂ ಒಳಗೊಂಡ ಕೊಳ್ಳೇಗಾಲ ತಾಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿಗೆ ಸೇರಿತ್ತು. ಹಾಗಾಗಿ ನಮಗೆ ತಮಿಳು ಸಿನಿಮಾ ಪರಕೀಯವಲ್ಲ. 1977ರಲ್ಲಿ 'ಪದಿನಾರು ವಯದಿನಿಲೆ' ಚಿತ್ರದ ಮೂಲಕ ತಮಿಳು ಸಿನಿಮಾವನ್ನು ಸ್ಟುಡಿಯೊದಿಂದ ಹಳ್ಳಿಯ ಬಯಲಿಗೆ ಕರೆತಂದ ಭಾರತಿರಾಜಾ, ಪುಟ್ಟಣ್ಣನವರ ಬಳಿ ಸಹಾಯಕರಾಗಿ ದುಡಿದವರು. ಭಾರತಿರಾಜಾ ಅವರ ಗರಡಿಯಿಂದ ಭಾಗ್ಯರಾಜ್ ಬಂದರು. ಸ್ವತಃ ಪುಟ್ಟಣ್ಣ ಕೆಲಸ ಕಲಿತದ್ದು ಕನ್ನಡ, ತಮಿಳು ಎರಡರಲ್ಲೂ ಚಿತ್ರ ಮಾಡಿದ ಬಿ.ಆರ್. ಪಂತುಲು ಅವರ ಬಳಿ. ರಾಜ್ಯಗಳ ಗಡಿ ಬದಲಾದರೂ ಈ ಕೊಡುಕೊಳ್ಳುವಿಕೆ ನಿಲ್ಲಲಿಲ್ಲ.

ಪುಟ್ಟಣ್ಣ ಕೊಟ್ಟದ್ದೇನು? 'ಬೆಳ್ಳಿಮೋಡ' (1967) ಮತ್ತು 'ಶರಪಂಜರ'ಕ್ಕೆ ತ್ರಿವೇಣಿಯವರನ್ನು, 'ಗೆಜ್ಜೆಪೂಜೆ'ಗೆ ಎಂ.ಕೆ. ಇಂದಿರಾ ಅವರನ್ನು ಆರಿಸಿಕೊಂಡು ಹೆಣ್ಣಿನ ಮನಸ್ಸನ್ನೇ ಕಥೆಯ ಕೇಂದ್ರವಾಗಿಸಿದರು. 'ನಾಗರಹಾವು' (1972) ಚಿತ್ರದಲ್ಲಿ ಚಿತ್ರದುರ್ಗದ ಬಂಡೆಗಳೂ ಪಾತ್ರಗಳಾದವು. ಆದರೆ ಅನುಕರಿಸಿದವರಲ್ಲಿ ಹೆಚ್ಚಿನವರು ಅವರ ಕಣ್ಣೀರು ಮತ್ತು ಬಣ್ಣವನ್ನು ತೆಗೆದುಕೊಂಡರು, ಅವರೆತ್ತಿದ ಪ್ರಶ್ನೆಗಳನ್ನು ಬಿಟ್ಟರು.

ಮೈಸೂರಿನ ಸತ್ಯು ಅವರದು ಬೇರೆ ಕಥೆ. ಇಸ್ಮತ್ ಚುಗ್ತಾಯಿ ಅವರ ಕಥೆಯನ್ನು ಆಧರಿಸಿ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಬರೆದ 'ಗರ್ಮ್ ಹವಾ' (1973) ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿತ್ತು. ಹಿಂದಿ ಪರದೆಯ ಮುಸ್ಲಿಮನೆಂದರೆ ಅದುವರೆಗೆ ಹೆಚ್ಚಾಗಿ ನವಾಬ, ಶಾಯರ, ಇಲ್ಲವೇ ನಾಯಕನಿಗಾಗಿ ಪ್ರಾಣ ಕೊಡುವ ಗೆಳೆಯ. ಬಲರಾಜ್ ಸಾಹ್ನಿ ಅಭಿನಯಿಸಿದ ಸಲೀಂ ಮಿರ್ಜಾ ಇದ್ಯಾವುದೂ ಅಲ್ಲ. ಆಗ್ರಾದಲ್ಲಿ ಚಪ್ಪಲಿ ಕಾರ್ಖಾನೆ ನಡೆಸುವ, ಸಾಲ ಸಿಗದೆ ಪರದಾಡುವ ವ್ಯಾಪಾರಿ. ದೇಶ ವಿಭಜನೆಯ ನೋವು ಭಾಷಣದಲ್ಲಿ ಬರುವುದಿಲ್ಲ. ಹವೇಲಿ ಬಿಡಲೊಲ್ಲದೆ ಅಡಗಿ ಕೂರುವ ಮುದುಕಿಯಲ್ಲಿ ಬರುತ್ತದೆ.

ಇಂಥ ಚಿತ್ರದ ಪ್ರಭಾವವೆಷ್ಟು? ಗಿರೀಶ್ ಕಾಸರವಳ್ಳಿ ಬಾನು ಮುಷ್ತಾಕ್ ಅವರ ಕಥೆಯಿಂದ 'ಹಸೀನಾ' (2004), ವೈದೇಹಿ ಅವರ ಕಥೆಯಿಂದ 'ಗುಲಾಬಿ ಟಾಕೀಸ್' (2008) ಮಾಡಿದರು. ಸೂಲಗಿತ್ತಿ ಗುಲಾಬಿಯ ಸಿನಿಮಾ ಹುಚ್ಚು, ಅವಳ ಒಂಟಿತನ, ಊರಿನಲ್ಲಿ ಬೆಳೆಯುವ ಅನುಮಾನ ಎಲ್ಲವೂ ಅಲ್ಲಿವೆ. ಇವು ಸತ್ಯು ಅವರ ಅನುಕರಣೆಗಳಲ್ಲ, ಆದರೆ ನೋಡುವ ಕಣ್ಣು ಅದೇ ಬಗೆಯದು. ಈ ಸಾಲಿಗೆ ಸೇರಿಸಲು ಇನ್ನೆಷ್ಟು ಕನ್ನಡ ಚಿತ್ರಗಳನ್ನು ಹೆಸರಿಸಬಲ್ಲೆವು? ಬೆರಳೆಣಿಕೆಯಷ್ಟು.

ಹಾಗಾಗಿ ತೀರ್ಪು ಕೊಡಲೇಬೇಕಾದರೆ ಪ್ರಭಾವದಲ್ಲಿ ಪುಟ್ಟಣ್ಣನವರೇ ದೊಡ್ಡವರು. ಸತ್ಯು ಅವರದು ಕಡಿಮೆ. ಈ ಕೊರತೆಯನ್ನು ಸತ್ಯು ಅವರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ನಮ್ಮ ಪೇಟೆಗಳ ರೇಷ್ಮೆ ಕೆಲಸಗಾರ, ಬೀಡಿ ಕಟ್ಟುವ ಹೆಂಗಸು, ಸಂತೆಯ ವ್ಯಾಪಾರಿ ಪರದೆಯ ಮೇಲೆ ಬರುವುದೇ ಅಪರೂಪ. ಬಂದರೂ ಅವರ ಟೋಪಿ, ಬುರ್ಖಾ ಕಾಣುತ್ತವೆಯೇ ಹೊರತು ಸಾಲ, ಸಿಟ್ಟು, ತಮಾಷೆ ಕಾಣುವುದಿಲ್ಲ. ಪ್ರಭಾವ ಬೀರಿದವರು ಯಾರೆಂದು ಕೇಳುವಾಗ, ಪ್ರಭಾವಕ್ಕೆ ಒಳಗಾಗಲು ಒಪ್ಪದವರು ಯಾರೆಂದೂ ಕೇಳಬೇಕು.